ಮೆಕ್ಯಾನಿಕ್ ಹೆನ್ರಿ ರಾಯ್ಸ್

ಗುಡ್‌ವಿಲ್ ಎಂಬ ಪದ ವಾಣಿಜ್ಯ ವಿಭಾಗದವರಾದ ನಮಗೆಲ್ಲ ಗೊತ್ತು. ಪಾಲುದಾರಿಕೆ ಸಂಸ್ಥೆಗೆ ಹೊಸ ಪಾಲುದಾರ ಸೇರುವಾಗ ಅದಕ್ಕೆ ಬೆಲೆ ಕಟ್ಟುತ್ತೇವೆ. ಕಟ್ಟಡ, ಯಂತ್ರ, ಸರಕು ಇವುಗಳನ್ನು ಕೈಯಿಂದ ಮುಟ್ಟಬಹುದು. ಗುಡ್‌ವಿಲ್ ಮುಟ್ಟಲು ಸಿಗುವುದಿಲ್ಲ, ಆದರೂ ಅದು ಆಸ್ತಿಯ ಕಡೆಗೇ ಬರುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಭರೋಸಾ ಎನ್ನುತ್ತಾರೆ. ಇಂಥ ಅಂಗಡಿಯ ಮೇಲೆ ಭರೋಸಾ ಇದೆ ಎಂದು ಅಮ್ಮಿ ಹೇಳಿದರೆ ಮುಗಿಯಿತು, ಆಮೇಲೆ ಬೇರೆ ಅಂಗಡಿಯ ಮಾತೇ ಇಲ್ಲ. ಗುಡ್‌ವಿಲ್‌ನ ಲೆಕ್ಕ ಸುಲಭ. ಸರಾಸರಿ ಲಾಭವನ್ನು ಇಷ್ಟು ವರ್ಷ ಎಂದು ಗುಣಿಸಿದರೆ ಉತ್ತರ ಬರುತ್ತದೆ. ಆದರೆ ಆ ಭರೋಸಾ ಮೊದಲು ಹುಟ್ಟುವುದು ಹೇಗೆ, ಅದನ್ನು ದುಡಿದು ತಂದವರು ಯಾರು ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ. ಈ ಸಂಚಿಕೆಗೆ ಒಬ್ಬ ಸಾಧಕರ ಪರಿಚಯ ಬರೆಯಲು ನಮ್ಮ ಕನ್ನಡ ಮೇಡಂ ಹೇಳಿದಾಗ ನಾನು ರೋಲ್ಸ್-ರಾಯ್ಸ್ ಎಂಬ ಹೆಸರಿನ ಎರಡನೆಯ ಅರ್ಧವನ್ನು ಆರಿಸಿಕೊಂಡೆ. ಆ ಕಾರನ್ನು ಕೊಂಡ ರಾಜರು, ನವಾಬರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದನ್ನು ಮಾಡಿದವರು ಯಾರು ಎಂದು ನಮ್ಮ ತರಗತಿಯಲ್ಲಿ ಕೇಳಿ ನೋಡಿದೆ, ಯಾರೂ ಹೇಳಲಿಲ್ಲ.

ಫ್ರೆಡರಿಕ್ ಹೆನ್ರಿ ರಾಯ್ಸ್ 1863ರ ಮಾರ್ಚ್ 27ರಂದು ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಹತ್ತಿರ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಐದು ಮಕ್ಕಳಲ್ಲಿ ಇವರೇ ಕೊನೆಯವರು. ತಂದೆ ಜೇಮ್ಸ್ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿ ಕೈಹತ್ತಲಿಲ್ಲ, ಕುಟುಂಬ ಲಂಡನ್ನಿಗೆ ಬಂತು. 1872ರಲ್ಲಿ ತಂದೆ ತೀರಿಕೊಂಡರು. ಆಗ ರಾಯ್ಸ್ ಅವರಿಗೆ ಒಂಬತ್ತು ವರ್ಷ. ನಾವು ನಾಲ್ಕನೆಯ ತರಗತಿಯಲ್ಲಿ ಕೂತು ಮಗ್ಗಿ ಹೇಳುವ ವಯಸ್ಸಿನಲ್ಲಿ ಅವರು ಪತ್ರಿಕೆ ಮಾರಿ ಹಣ ತಂದರು. ಆಮೇಲೆ ತಂತಿ ಹಂಚುವ ಹುಡುಗನಾಗಿ ಮನೆ ಮನೆಗೆ ಓಡಾಡಿದರು. ಶಾಲೆಯ ಮುಖ ಅವರು ಸರಿಯಾಗಿ ನೋಡಿದ್ದು ಒಂದು ವರ್ಷದಷ್ಟು ಮಾತ್ರ.

ಹದಿನಾಲ್ಕು ಹದಿನೈದರ ವಯಸ್ಸಿಗೆ ಅವರಿಗೆ ಒಂದು ದಾರಿ ತೆರೆಯಿತು. ಸಂಬಂಧಿಕರಲ್ಲಿ ಒಬ್ಬ ಹೆಂಗಸು ವರ್ಷಕ್ಕೆ 20 ಪೌಂಡ್ ಶುಲ್ಕ ಕಟ್ಟಲು ಒಪ್ಪಿದ್ದರಿಂದ ಪೀಟರ್‌ಬರೋದ ಗ್ರೇಟ್ ನಾರ್ದರ್ನ್ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಇದು ಉಸ್ತಾದನ ಹತ್ತಿರ ಶಾಗಿರ್ದಿ. ವ್ಯತ್ಯಾಸ ಇಷ್ಟೇ, ಅಲ್ಲಿ ಕಲಿಯುವವನೇ ಹಣ ಕಟ್ಟಬೇಕಿತ್ತು. ಮೂರು ವರ್ಷ ಆಗುವಷ್ಟರಲ್ಲಿ ಆ ಸಹಾಯ ನಿಂತಿತು. ಕಲಿಕೆ ಅರ್ಧಕ್ಕೇ ಬಿಟ್ಟುಹೋಯಿತು. ಕೈಯಲ್ಲಿ ಪ್ರಮಾಣಪತ್ರ ಇಲ್ಲದ ಹುಡುಗ ಲೀಡ್ಸ್ ನಗರದಲ್ಲಿ ಉಪಕರಣ ಮಾಡುವ ಕಾರ್ಖಾನೆಯೊಂದರಲ್ಲಿ ಕೂಲಿಗೆ ದುಡಿದ. 1881ರಲ್ಲಿ ಲಂಡನ್ನಿಗೆ ಹಿಂದಿರುಗಿ ವಿದ್ಯುತ್ ಕಂಪನಿಯೊಂದನ್ನು ಸೇರಿದ. ಆಗ ವಿದ್ಯುತ್ ದೀಪ ಎಂಬುದೇ ಹೊಸದು. ಹಗಲು ಕೆಲಸ, ಸಂಜೆ ತರಗತಿ. ಮರುವರ್ಷ ಲಿವರ್‌ಪೂಲಿಗೆ ಹೋಗಿ ಬೀದಿಗಳಿಗೆ, ನಾಟಕ ಮಂದಿರಗಳಿಗೆ ದೀಪ ಹಾಕುವ ಕೆಲಸ ಮಾಡಿದ.

1884ರಲ್ಲಿ ರಾಯ್ಸ್ ಅವರು ಸ್ವಂತ ಕೆಲಸ ಶುರು ಮಾಡಿದರು. ಕೂಡಿಟ್ಟ ಹಣ 20 ಪೌಂಡ್. ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ 50 ಪೌಂಡ್ ಹಾಕಿದರು. ಬಂಡವಾಳದ ಅನುಪಾತ 2:5, ನಮ್ಮ ಪುಸ್ತಕದ ಲೆಕ್ಕದ ಹಾಗೆಯೇ ಇದೆ. ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟ್‌ನಲ್ಲಿ ಎಫ್. ಎಚ್. ರಾಯ್ಸ್ ಅಂಡ್ ಕಂಪನಿ ಎಂಬ ಸಣ್ಣ ಕಾರ್ಖಾನೆ ತೆರೆಯಿತು. ಮೊದಲು ಮನೆಯ ಕರೆಗಂಟೆ, ದೀಪದ ಹೋಲ್ಡರ್‌ನಂಥ ಚಿಕ್ಕ ಸಾಮಾನು, ಆಮೇಲೆ ಡೈನಮೋ, ಆಮೇಲೆ ವಿದ್ಯುತ್ ಕ್ರೇನ್. ರಾಯ್ಸ್ ಅವರ ಕ್ರೇನಿಗೆ ಒಳ್ಳೆಯ ಹೆಸರು ಬಂತು. ಕೆಲಸದಲ್ಲಿ ಮುಳುಗಿದರೆ ಅವರಿಗೆ ಊಟದ ನೆನಪೇ ಇರುತ್ತಿರಲಿಲ್ಲವಂತೆ. ಹಾಲು, ರೊಟ್ಟಿ ಹಿಡಿದು ಹುಡುಗನೊಬ್ಬ ಅವರ ಹಿಂದೆ ಸುತ್ತಬೇಕಾಗುತ್ತಿತ್ತು ಎಂದು ಹೇಳುತ್ತಾರೆ. ತಮ್ಮ ಜೊತೆ ದುಡಿಯುವವರಿಂದಲೂ ಅವರು ಅಷ್ಟೇ ಕೆಲಸ ಬಯಸುತ್ತಿದ್ದರು. ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ.

ಹೊಸ ಶತಮಾನ ಬರುವ ಹೊತ್ತಿಗೆ ಜರ್ಮನಿ, ಅಮೆರಿಕಗಳಿಂದ ಅಗ್ಗದ ಕ್ರೇನ್ ಬಂದು ವ್ಯಾಪಾರ ಇಳಿಯಿತು. ಬೆಲೆ ಇಳಿಸಲು ಸಾಮಾನಿನ ಗುಣ ಇಳಿಸುವುದು ರಾಯ್ಸ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಇದೇ ಹೊತ್ತಿಗೆ ಅವರು ಫ್ರಾನ್ಸಿನ ಡೆಕೋವಿಲ್ ಕಂಪನಿಯ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ರೋಲ್ಸ್-ರಾಯ್ಸ್ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಜಗತ್ತಿಗೇ ಹೆಸರಾದ ಕಾರನ್ನು ಮಾಡಿದ ಮನುಷ್ಯ ಮೊದಲು ಸೆಕೆಂಡ್ ಹ್ಯಾಂಡ್ ಕಾರಿನ ಮಾಲೀಕ, ಅದೂ ತನ್ನ ಕಾರಿನ ಬಗ್ಗೆ ಸಮಾಧಾನವಿಲ್ಲದ ಮಾಲೀಕ. ಆ ಕಾಲದ ಅಳತೆಯಲ್ಲಿ ಡೆಕೋವಿಲ್ ಕೆಟ್ಟ ಕಾರೇನಲ್ಲ. ಆದರೆ ರಾಯ್ಸ್ ಅವರ ಕಿವಿಗೆ ಅದರ ಸದ್ದು ಹಿಡಿಸಲಿಲ್ಲ, ಕೈಗೆ ಅದರ ನಡುಕ ಹಿಡಿಸಲಿಲ್ಲ. ಅವರು ದೂರು ಬರೆಯುತ್ತ ಕೂರದೆ ಕಾರನ್ನು ಬಿಚ್ಚಿದರು. ಒಂದೊಂದು ಭಾಗವನ್ನೂ ನೋಡಿ, ಇದನ್ನು ಇನ್ನೂ ಚೆನ್ನಾಗಿ ಮಾಡಬಹುದು ಎಂದು ತೀರ್ಮಾನಿಸಿ ಸ್ವತಃ ಮೂರು ಕಾರು ಕಟ್ಟಿದರು. ಮೊದಲನೆಯದು 1904ರ ಏಪ್ರಿಲ್ 1ರಂದು ರಸ್ತೆಗೆ ಇಳಿಯಿತು.

ಇಲ್ಲಿ ನಮ್ಮ ಭಾಯಿಜಾನ್ ವಿಷಯ ಹೇಳಬೇಕು. ಅವರು ಊರಿನ ಒಂದು ಗ್ಯಾರೇಜಿನಲ್ಲಿ ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಈಚೆಗೆ ಅಲ್ಲಿಗೆ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರುಗಳೂ ಬರುತ್ತವೆ. ಹೊಸದಾಗಿದ್ದಾಗ ಅರ್ಧ ಕೋಟಿ ಬೆಲೆಯ ಕಾರು ಏಳೆಂಟು ವರ್ಷಕ್ಕೆ ಹತ್ತು ಹನ್ನೆರಡು ಲಕ್ಷಕ್ಕೆ ಸಿಗುತ್ತದೆ. ಕೊಂಡವರಿಗೆ ಖುಷಿಯೋ ಖುಷಿ. ಕೆಲವು ತಿಂಗಳಾದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತುತ್ತದೆ. ಬಿಡಿಭಾಗ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಅದರ ಬೆಲೆ ಕೇಳಿದ ಮಾಲೀಕರು ಮೊದಲು ಗ್ಯಾರೇಜಿನವರನ್ನು ಅನುಮಾನಿಸುತ್ತಾರೆ. ಇಷ್ಟು ದೊಡ್ಡ ಹೆಸರಿನ ಕಾರು ಕೆಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಭಾಯಿಜಾನ್ ಇದಕ್ಕೆ ಮನೆಯಲ್ಲಿ ಉತ್ತರ ಕೊಡುತ್ತಾರೆ, ಗಿರಾಕಿಯ ಎದುರು ಕೊಡುವುದಿಲ್ಲ. ಹೆಸರು ಬಾನೆಟ್ಟಿನ ಮೇಲೆ ಇರುತ್ತದೆ, ಕೆಲಸ ಅದರ ಕೆಳಗೆ ನಡೆಯುತ್ತದೆ ಎಂಬುದು ಅವರ ಲೆಕ್ಕ. ಕೆಳಗಿನ ಕೆಲಸವನ್ನು ನೋಡಿಕೊಂಡವನ ಕಾರು ಓಡುತ್ತದೆ. ಹೆಸರನ್ನು ನಂಬಿ ಆಯಿಲ್ ಬದಲಿಸದೆ ಬಿಟ್ಟವನ ಕಾರು ನಿಲ್ಲುತ್ತದೆ. ರಾಯ್ಸ್ ಅವರ ಜೀವನ ಓದುವಾಗ ನನಗೆ ಈ ಮಾತು ಪದೇ ಪದೇ ನೆನಪಾಯಿತು.

ರಾಯ್ಸ್ ಕಟ್ಟಿದ ಮೂರು ಕಾರುಗಳ ಸುದ್ದಿ ಲಂಡನ್ನಿನ ಚಾರ್ಲ್ಸ್ ರೋಲ್ಸ್ ಅವರ ಕಿವಿಗೆ ಬಿತ್ತು. ರೋಲ್ಸ್ ಶ್ರೀಮಂತ ಜಮೀನ್ದಾರರ ಮಗ, ಕೇಂಬ್ರಿಜ್‌ನಲ್ಲಿ ಓದಿದವರು, ಹೊರದೇಶದ ಕಾರು ತರಿಸಿ ಮಾರುತ್ತಿದ್ದರು. ತಮ್ಮದೇ ದೇಶದ ಒಳ್ಳೆಯ ಕಾರು ಮಾರಬೇಕೆಂಬ ಆಸೆ ಅವರಿಗಿತ್ತು. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ಒಬ್ಬರು 41 ವರ್ಷದ ಕಾರ್ಖಾನೆ ಮನುಷ್ಯ, ಇನ್ನೊಬ್ಬರು 26 ವರ್ಷದ ಸಿರಿವಂತ. ರಾಯ್ಸ್ ಅವರ ಕಾರಿನಲ್ಲಿ ಕೂತು ಅದರ ನಿಶ್ಶಬ್ದವನ್ನು ಕಂಡ ರೋಲ್ಸ್, ಇವರು ಮಾಡುವ ಎಲ್ಲ ಕಾರುಗಳನ್ನೂ ತಾನೇ ಮಾರುವುದಾಗಿ ಒಪ್ಪಿಕೊಂಡರು. 1906ರಲ್ಲಿ ರೋಲ್ಸ್-ರಾಯ್ಸ್ ಲಿಮಿಟೆಡ್ ನೋಂದಣಿಯಾಯಿತು. ಮಾರುವವರ ಹೆಸರು ಮೊದಲು, ಮಾಡುವವರ ಹೆಸರು ಆಮೇಲೆ. ಇಬ್ಬರ ನಡುವೆ ಕ್ಲಾಡ್ ಜಾನ್ಸನ್ ಎಂಬ ಚತುರ ವ್ಯವಸ್ಥಾಪಕರಿದ್ದರು. ರೋಲ್ಸ್-ರಾಯ್ಸ್ ನಡುವಿನ ಅಡ್ಡಗೆರೆ ಅವರೇ ಎಂದು ಜನ ತಮಾಷೆ ಮಾಡುತ್ತಿದ್ದರು.

ಆರಂಭದ ಕಾರುಗಳೆಲ್ಲ ಗಟ್ಟಿಯಾಗಿದ್ದವು ಎಂದು ಯಾರೂ ತಿಳಿಯಬಾರದು. ಆರು ಸಿಲಿಂಡರಿನ 30 ಅಶ್ವಶಕ್ತಿಯ ಮಾದರಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು. ಎಂಜಿನ್ನಿನ ಒಳಗೆ ತಿರುಗುವ ಈ ಉದ್ದನೆಯ ಕಂಬಿ ತಿರುಚಿಕೊಂಡು ನಡುಗುವುದೇ ಇದಕ್ಕೆ ಕಾರಣ. ರಾಯ್ಸ್ ಅವರು ಈ ತಪ್ಪನ್ನು ಮುಚ್ಚಿಡದೆ ಅದರ ಮೂಲ ಹುಡುಕಿದರು. ಹೊಸ 40/50 ಮಾದರಿಯಲ್ಲಿ ಮೂರು ಮೂರು ಸಿಲಿಂಡರುಗಳ ಎರಡು ಭಾಗ ಮಾಡಿ, ಶಾಫ್ಟನ್ನು ದಪ್ಪ ಮಾಡಿ, ನಡುಕವನ್ನು ಹಿಡಿತಕ್ಕೆ ತಂದರು. 1906ರ ನವೆಂಬರಿನಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಜನ ಈ ಮಾದರಿಯನ್ನು ನೋಡಿದರು. ಇದೇ ಮಾದರಿಯ ಒಂದು ಕಾರಿಗೆ ಬೆಳ್ಳಿ ಬಣ್ಣ ಹಚ್ಚಿ ಜಾನ್ಸನ್ ಅವರು ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟರು. ಮುಂದೆ ಇಡೀ ಮಾದರಿಗೇ ಆ ಹೆಸರು ಬಂತು.

1907ರಲ್ಲಿ ಆ ಬೆಳ್ಳಿ ಕಾರಿಗೆ ಒಂದು ಪರೀಕ್ಷೆ ನಡೆಯಿತು. ಪರೀಕ್ಷಕರು ಕಂಪನಿಯವರಲ್ಲ, ರಾಯಲ್ ಆಟೊಮೊಬೈಲ್ ಕ್ಲಬ್‌ನವರು. ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲು ರಾತ್ರಿ ಓಡಿಸಿ 15,000 ಮೈಲಿ, ಎಂದರೆ ಸುಮಾರು 24,000 ಕಿಲೋಮೀಟರ್ ಮುಗಿಸಬೇಕು. ನಮ್ಮ ಕಲಬುರಗಿಯಿಂದ ಬೆಂಗಳೂರಿಗೆ ಹೆಚ್ಚು ಕಡಿಮೆ 600 ಕಿಲೋಮೀಟರ್. ಇಪ್ಪತ್ತು ಸಲ ಹೋಗಿ ಬಂದಷ್ಟು ದಾರಿ ಅದು, ಅದೂ ಆ ಕಾಲದ ಕಚ್ಚಾ ರಸ್ತೆಯಲ್ಲಿ. 629ನೆಯ ಮೈಲಿಯಲ್ಲಿ ಕಾರು ತಾನಾಗಿ ನಿಂತಿತು. ನೋಡಿದರೆ ಎಂಜಿನ್ ಸರಿಯಾಗಿಯೇ ಇತ್ತು. ಪೆಟ್ರೋಲ್ ಹರಿಯುವ ಸಣ್ಣ ನಲ್ಲಿ ರಸ್ತೆಯ ಕುಲುಕಾಟಕ್ಕೆ ಮುಚ್ಚಿಕೊಂಡಿತ್ತು. ಅದನ್ನು ತೆರೆದು ಹೊರಟ ಕಾರು ಆಮೇಲೆ 14,371 ಮೈಲಿ ನಿಲ್ಲಲಿಲ್ಲ, ಟೈರು ಬದಲಿಸಿದ್ದು ಬಿಟ್ಟರೆ.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಕ್ಲಬ್‌ನವರು ಕಾರನ್ನು ಪೂರ್ತಿ ಬಿಚ್ಚಿ ಯಾವ ಭಾಗ ಎಷ್ಟು ಸವೆದಿದೆ ಎಂದು ಅಳೆದರು. ಕಾರನ್ನು ಮೊದಲಿನ ಹಾಗೆ ಮಾಡಲು ಬೇಕಾದ ಬಿಡಿಭಾಗಗಳ ಖರ್ಚು 2 ಪೌಂಡ್ 2 ಶಿಲಿಂಗ್ 7 ಪೆನ್ಸ್ ಎಂದು ಲೆಕ್ಕ ಬಂತು. ಆಗ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ನಮ್ಮ ಹಿರಿಯರ ರೂಪಾಯಿ, ಆಣೆ, ಪೈ ಲೆಕ್ಕದ ಹಾಗೆ. ಜಾಹೀರಾತಿಗೆ ಎಷ್ಟು ಖರ್ಚು ಮಾಡಿದರೂ ಈ ಚಿಕ್ಕ ಮೊತ್ತ ಹುಟ್ಟಿಸಿದ ಭರೋಸಾ ಹುಟ್ಟುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಲೆಕ್ಕ ಬರೆದವರು ಹೊರಗಿನವರು. ಆಡಿಟ್ ಏಕೆ ಹೊರಗಿನವರಿಂದ ಆಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಹೆಸರು ಬೇಗ ನಮ್ಮ ದೇಶಕ್ಕೂ ಬಂತು. 1908ರಲ್ಲಿ ಮುಂಬಯಿಯಿಂದ ಕೊಲ್ಲಾಪುರದವರೆಗೆ ಘಟ್ಟದ ದಾರಿಯ ಮೋಟಾರು ಸ್ಪರ್ಧೆಯಲ್ಲಿ ಪರ್ಲ್ ಆಫ್ ದಿ ಈಸ್ಟ್ ಎಂಬ ಸಿಲ್ವರ್ ಘೋಸ್ಟ್ ಓಡಿತು. ಅದನ್ನು ಗ್ವಾಲಿಯರ್ ಮಹಾರಾಜರು ಕೊಂಡುಕೊಂಡರು. ನಮ್ಮ ಭಾಗ ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರು ಹಳದಿ ಬಣ್ಣದ, ಸಿಂಹಾಸನದಂಥ ಆಸನವುಳ್ಳ ಸಿಲ್ವರ್ ಘೋಸ್ಟ್ ಮಾಡಿಸಲು ಹೇಳಿದ್ದರು. ಅದು ಬರುವ ಮೊದಲೇ 1911ರಲ್ಲಿ ಅವರು ತೀರಿಕೊಂಡರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರು ಅದನ್ನು ಮೆರವಣಿಗೆಗಳಿಗೆ ಮಾತ್ರ ಬಳಸಿದರು. ಹತ್ತಾರು ವರ್ಷಗಳಲ್ಲಿ ಅದು ಓಡಿದ್ದು 356 ಮೈಲಿ. ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಆ ಕಾರು ಇದೆ. ಒಂದೇ ಮಾದರಿಯ ಒಂದು ಕಾರು 15,000 ಮೈಲಿ ಓಡಿ ತನ್ನ ಗುಣ ತೋರಿಸಿತು. ಇನ್ನೊಂದು ಆ ಗುಣವನ್ನು ಕೇಳಿ ಬಂದು ಅರಮನೆಯಲ್ಲಿ ನಿಂತಿತು.

ಎಲ್ಲ ಮಾಲೀಕರ ಅನುಭವವೂ ಸಿಹಿಯಾಗಿರಲಿಲ್ಲ. 1912ರಲ್ಲಿ ಜೇಮ್ಸ್ ರ್‍ಯಾಡ್ಲಿ ಎಂಬ ಮಾಲೀಕರು ತಮ್ಮ ಸಿಲ್ವರ್ ಘೋಸ್ಟನ್ನು ಆಸ್ಟ್ರಿಯಾದ ಆಲ್ಪ್ಸ್ ಪರ್ವತದ ಸ್ಪರ್ಧೆಗೆ ಒಯ್ದರು. ಕಟ್ಷ್‌ಬರ್ಗ್ ಎಂಬ ಕಡಿದಾದ ಏರಿನಲ್ಲಿ ಕಾರು ನಿಂತಿತು. ಭಾರ ಇಳಿಸದೆ ಮುಂದೆ ಹೋಗಲಿಲ್ಲ. ಗೇರುಬಾಕ್ಸಿನಲ್ಲಿ ಮೂರೇ ಗೇರು, ಅಂಥ ಏರಿಗೆ ಮೊದಲನೆಯ ಗೇರಿನ ಎಳೆತ ಸಾಲದು. ಜಗತ್ತಿನ ಅತ್ಯುತ್ತಮ ಕಾರು ಎಂದು ಹೇಳಿಕೊಂಡ ಕಂಪನಿಗೆ ಇದು ಎಲ್ಲರೆದುರು ಆದ ಅವಮಾನ. ಕಂಪನಿ ಮಾಲೀಕರ ಮೇಲೆ ತಪ್ಪು ಹೊರಿಸಲಿಲ್ಲ. ನಾಲ್ಕು ಗೇರಿನ ಪೆಟ್ಟಿಗೆ ಮಾಡಿ ಮರುವರ್ಷ ಅದೇ ಸ್ಪರ್ಧೆಗೆ ಮೂರು ಕಾರು ಕಳಿಸಿತು. ರ್‍ಯಾಡ್ಲಿ ಅವರೂ ಮತ್ತೆ ರೋಲ್ಸ್-ರಾಯ್ಸ್‌ನಲ್ಲೇ ಬಂದರು. ಈ ಸಲ ಅದೇ ಪರ್ವತಗಳಲ್ಲಿ ಆ ಕಾರುಗಳ ಓಟ ಕಂಡು ಜನ ಬೆರಗಾದರು. ಇದಲ್ಲದೆ ಡ್ರೈವರುಗಳಿಗೆ ಕಾರಿನ ಆರೈಕೆ ಕಲಿಸಲು ಕಂಪನಿ ಶಾಲೆಯನ್ನೇ ನಡೆಸಿತು. ಕಾರು ಎಷ್ಟೇ ಚೆನ್ನಾಗಿದ್ದರೂ ನೋಡಿಕೊಳ್ಳುವವನು ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಮೊದಲ ಮಹಾಯುದ್ಧದಲ್ಲಿ ಇದೇ ಕಾರಿಗೆ ಉಕ್ಕಿನ ಹೊದಿಕೆ ಹಾಕಿ ಅರಬ್ ಮರುಭೂಮಿಗೆ ಕಳಿಸಿದರು. ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್ ತಮ್ಮ ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್ ಪುಸ್ತಕದಲ್ಲಿ ಈ ಕಾರುಗಳನ್ನು ಹೊಗಳಿದ್ದಾರೆ. ಒಮ್ಮೆ ಸ್ಪ್ರಿಂಗ್ ಹಿಡಿದಿಡುವ ಬ್ರಾಕೆಟ್ ಮುರಿದಾಗ ಮರದ ಹಲಗೆ ಇಟ್ಟು ತಂತಿ ಬಿಗಿದು ಕಾರು ಓಡಿಸಿದ್ದನ್ನೂ ಬರೆದಿದ್ದಾರೆ. ಇದನ್ನು ಓದಿ ಹೇಳಿದಾಗ ಭಾಯಿಜಾನ್ ನಕ್ಕರು. ಇಂಥ ರಿಪೇರಿ ನಮ್ಮ ಹೆದ್ದಾರಿಯಲ್ಲಿ ದಿನಾ ನಡೆಯುತ್ತದೆ, ಬರೆಯುವವರು ಇಲ್ಲ ಅಷ್ಟೇ ಎಂದರು.

ರಾಯ್ಸ್ ಅವರ ಸ್ವಂತ ಬದುಕಿನಲ್ಲಿ ಅಷ್ಟು ಹೊತ್ತಿಗೆ ಬಹಳ ಬದಲಾಗಿತ್ತು. 1910ರ ಜುಲೈ 12ರಂದು ಬೋರ್ನ್‌ಮತ್‌ನಲ್ಲಿ ವಿಮಾನ ಬಿದ್ದು ಚಾರ್ಲ್ಸ್ ರೋಲ್ಸ್ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಮರುವರ್ಷ ರಾಯ್ಸ್ ಅವರ ಆರೋಗ್ಯ ಕುಸಿಯಿತು. ವರ್ಷಗಟ್ಟಲೆ ಊಟ ನಿದ್ರೆ ಬಿಟ್ಟದ್ದಕ್ಕೆ ದೇಹ ಲೆಕ್ಕ ಕೇಳಿತು. ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಬದುಕುವುದು ಕೆಲವೇ ತಿಂಗಳು ಎಂದು ವೈದ್ಯರು ಹೇಳಿದ್ದರು. ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಎಥೆಲ್ ಆಬಿನ್ ಎಂಬ ನರ್ಸ್ ಕೊನೆಯವರೆಗೂ ಅವರನ್ನು ನೋಡಿಕೊಂಡರು. ಚಳಿಗಾಲದಲ್ಲಿ ದಕ್ಷಿಣ ಫ್ರಾನ್ಸ್, ಉಳಿದ ಕಾಲ ಇಂಗ್ಲೆಂಡಿನ ದಕ್ಷಿಣ ತೀರ. ಕಾರ್ಖಾನೆ ದೂರದ ಡರ್ಬಿಯಲ್ಲಿತ್ತು. ಮನೆಯಲ್ಲೇ ನಕ್ಷೆಗಳನ್ನು ತಿದ್ದಿ, ಪತ್ರ ಬರೆದು ಅಲ್ಲಿಗೆ ಕಳಿಸುತ್ತಿದ್ದರು. ವಿಮಾನದ ಎಂಜಿನ್ನುಗಳನ್ನು ಅವರು ಮಾಡಿದ್ದು ಈ ದಿನಗಳಲ್ಲಿಯೇ. 1919ರ ಜೂನ್‌ನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ಸಾಗರ ದಾಟಿದ ವಿಮಾನಕ್ಕೆ ರಾಯ್ಸ್ ಅವರ ಎರಡು ಈಗಲ್ ಎಂಜಿನ್ ಇದ್ದವು. ಕಾರು ನಿಂತರೆ ಇಳಿದು ನೋಡಬಹುದು, ಸಾಗರದ ಮೇಲೆ ಎಂಜಿನ್ ನಿಂತರೆ ಇಳಿಯುವ ಜಾಗವಿಲ್ಲ.

1930ರಲ್ಲಿ ಅವರಿಗೆ ಸರ್ ಪದವಿ ಬಂತು. ಆದರೂ ಅವರು ತಮ್ಮನ್ನು ಮೆಕ್ಯಾನಿಕ್ ಎಂದೇ ಕರೆದುಕೊಳ್ಳುತ್ತಿದ್ದರು. 1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್‌ನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಈಗ ಹುಟ್ಟೂರು ಆಲ್ವಾಲ್ಟನ್ನಿನ ಚರ್ಚಿನಲ್ಲಿದೆ.

ಈ ಲೇಖನವನ್ನು ಮನೆಯಲ್ಲಿ ಓದಿದಾಗ ಒಂದು ವಾದ ಎದ್ದಿತು. ಭಾಯಿಜಾನ್ ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಟ್ಟವರು, ಮನೆಯ ಹಣದ ತೊಂದರೆಯಿಂದ. ಈ ವರ್ಷ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟಬೇಕೆಂದು ಅರ್ಜಿ ತಂದು ಇಟ್ಟುಕೊಂಡಿದ್ದಾರೆ. ಇಷ್ಟು ದೊಡ್ಡ ಮನುಷ್ಯ ಒಂದೇ ವರ್ಷ ಶಾಲೆಗೆ ಹೋಗಿದ್ದರೆ, ಕೈಯಲ್ಲಿ ಕೆಲಸ ಇರುವವನಿಗೆ ಪರೀಕ್ಷೆ ಏಕೆ ಎಂದರು ಮಾಮೂ. ನಾನು ಒಪ್ಪಲಿಲ್ಲ. ರಾಯ್ಸ್ ಶಾಲೆಯನ್ನು ಬೇಡವೆಂದು ಬಿಟ್ಟವರಲ್ಲ, ಶಾಲೆ ಅವರ ಕೈಗೆ ಸಿಗಲಿಲ್ಲ. ಹಗಲು ದುಡಿದು ಸಂಜೆ ತರಗತಿಗೆ ಹೋದದ್ದು ಅದಕ್ಕಾಗಿಯೇ. ಹಣ ಕಟ್ಟುವವರು ನಿಂತಾಗ ಕಲಿಕೆ ಅರ್ಧಕ್ಕೆ ನಿಂತ ನೋವು ಅವರಿಗೆ ಗೊತ್ತಿತ್ತು. ಅವರ ಹೆಸರು ಹೇಳಿ ಯಾರನ್ನಾದರೂ ಓದಿನಿಂದ ತಡೆಯುವುದು ನ್ಯಾಯವಲ್ಲ. ಅಬ್ಬಾ ಏನೂ ಹೇಳದೆ ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ಕೇಳಿದರು.

ರಾಯ್ಸ್ ತೀರಿಕೊಂಡು ಮೂವತ್ತೆಂಟು ವರ್ಷದ ಮೇಲೆ, 1971ರಲ್ಲಿ, ಒಂದು ಹೊಸ ವಿಮಾನ ಎಂಜಿನ್ನಿನ ಖರ್ಚು ತಾಳಲಾರದೆ ರೋಲ್ಸ್-ರಾಯ್ಸ್ ಕಂಪನಿ ದಿವಾಳಿಯಾಯಿತು. ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಮುಂದೆ ಕಾರಿನ ವಿಭಾಗ ಬೇರೆಯಾಯಿತು, ಇಂದು ಅದು ಜರ್ಮನಿಯ ಬಿಎಂಡಬ್ಲ್ಯು ಕಂಪನಿಯ ಕೈಯಲ್ಲಿದೆ. ಅಷ್ಟು ದೊಡ್ಡ ಗುಡ್‌ವಿಲ್ ಕೂಡ ನಗದು ಹಣ ಇಲ್ಲದ ದಿನ ಕಂಪನಿಯನ್ನು ಉಳಿಸಲಿಲ್ಲ. ಆದರೆ ಹೆಸರು ಮಾತ್ರ ಉಳಿಯಿತು, ಹೊಸ ಮಾಲೀಕರು ಅದಕ್ಕೂ ಬೆಲೆ ಕೊಟ್ಟರು. ಆ ಬೆಲೆಯಲ್ಲಿ ಕುಕ್ ಸ್ಟ್ರೀಟಿನ ಕಾರ್ಖಾನೆಯಲ್ಲಿ ರಾತ್ರಿ ದೀಪ ಉರಿಸಿ ಕೂತ ಮನುಷ್ಯನ ಪಾಲು ಎಷ್ಟು ಎಂದು ಯಾವ ಸೂತ್ರದಿಂದ ಲೆಕ್ಕ ಹಾಕುವುದೋ ನಮ್ಮ ಅಕೌಂಟೆನ್ಸಿ ಸರ್ ಹೇಳಬೇಕು.